ಉಸಿರಾಟದ ಮೆಷಿನ್ ಜೋಡಿಸೋ ಕೈಗಳಿಗೆ ಕಾಯಂ ಆರ್ಡರ್ ಯಾವಾಗ?

ನಾಲ್ಕು ತಾಲ್ಲೂಕಿನ ಹುಡುಗರ ‘ಮೆಡಿಕಲ್ ಕಂಪ್ನಿ’ ಕೆಲಸದ ಒಳಗುಟ್ಟು

ಹೆಣ್ಣು ಕೇಳಲು ಹೋದ ಕಡೆ ಮೊದಲ ಪ್ರಶ್ನೆ ಗೊತ್ತಿದ್ದದ್ದೇ. ‘ಹುಡ್ಗ ಏನ್ ಮಾಡ್ಕಂಡವ್ನೆ?’

‘ಮೆಡಿಕಲ್ ಕಂಪ್ನೀಲವ್ನೆ.’

‘ಅಂದ್ರೆ, ಮಾತ್ರೆ ಅಂಗ್ಡೀನಾ?’

ಅಲ್ಲ, ಮಾತ್ರೆಯೂ ಅಲ್ಲ ಟಾನಿಕ್ಕೂ ಅಲ್ಲ, ಆಸ್ಪತ್ರೆಯ ಮೆಷಿನ್ ಮಾಡುವ ಕಂಪನಿ ಎಂದು ಬಿಡಿಸಿ ಹೇಳುವುದರೊಳಗೆ ಕಾಫಿ ಆರಿರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಈ ಮಾತುಕತೆ ಈಗ ಅಪರೂಪವೇನಲ್ಲ. ಐಟಿಐ, ಡಿಪ್ಲೊಮಾ ಮುಗಿಸಿ ಮೈಸೂರು ಬೆಂಗಳೂರಿನ ಕಾರ್ಖಾನೆ ಗೇಟಿನ ಮುಂದೆ ನಿಲ್ಲುವ ಹುಡುಗರಲ್ಲಿ ಒಂದಿಷ್ಟು ಮಂದಿ ಸೇರಿಕೊಳ್ಳುವುದು ಎಕ್ಸರೇ, ಇಸಿಜಿ, ವೆಂಟಿಲೇಟರು, ಪೇಷೆಂಟ್ ಮಾನಿಟರು ಎಂಬ ಸಾಮಾನು ತಯಾರಿಸುವ ಜಾಗಕ್ಕೆ. ಇನ್ನೊಂದಿಷ್ಟು ಮಂದಿ ಅದೇ ಸಾಮಾನು ಮಾರಲು, ರಿಪೇರಿ ಮಾಡಲು ಬ್ಯಾಗು ಹೆಗಲಿಗೇರಿಸಿ ಊರೂರು ಸುತ್ತುತ್ತಾರೆ.

ಈ ಜಿಲ್ಲೆಯಲ್ಲಿ ಕೆಲಸದ ಪ್ರಶ್ನೆ ಎಂದರೆ ಮದುವೆಯ ಪ್ರಶ್ನೆಯೂ ಹೌದು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡುಮಕ್ಕಳು ಪಾದಯಾತ್ರೆ ಹೊರಟಿದ್ದನ್ನು ದೇಶದ ಪೇಪರುಗಳೆಲ್ಲ ತಮಾಷೆಯಂತೆ ಬರೆದವು. ಮಂಡ್ಯದವರಿಗೆ ಅದು ತಮಾಷೆಯಾಗಿರಲಿಲ್ಲ. ಎರಡೆಕರೆ ಗದ್ದೆ ಇದ್ದವನಿಗೆ ಹೆಣ್ಣಿಲ್ಲ, ಎರಡು ಸಾವಿರ ಕಡಿಮೆ ಸಂಬಳವಾದರೂ ಕಂಪನಿ ಕಾರ್ಡು ಕತ್ತಿಗೆ ಹಾಕಿಕೊಂಡವನಿಗೆ ಹೆಣ್ಣುಂಟು ಎಂಬ ಲೆಕ್ಕಾಚಾರ ಹಳ್ಳಿಯಲ್ಲಿ ಬೇರು ಬಿಟ್ಟಿದೆ. ಆ ಕಾರ್ಡಿನ ಹಿಂದೆ ಏನಿದೆ ಎಂದು ಯಾರೂ ತಿರುಗಿಸಿ ನೋಡುವುದಿಲ್ಲ ಅಷ್ಟೆ.

ಕಂಪನಿಗಳು ಬಂದದ್ದು ಹೇಗೆ?

ಬೆಂಗಳೂರಿನ ದೊಡ್ಡಣ್ಣ ವಿಪ್ರೊ ಜಿಇ. 1990ರಲ್ಲಿ ವಿಪ್ರೊದವರೂ ಅಮೆರಿಕದ ಜಿಇ ಕಂಪನಿಯವರೂ ಕೈಜೋಡಿಸಿ ಶುರು ಮಾಡಿದ್ದು. ಅಲ್ಲಿಯ ಇಂಜಿನಿಯರುಗಳು ರೂಪಿಸಿದ ಚಿಕ್ಕ ಇಸಿಜಿ ಮೆಷಿನ್ ಒಂದು ಕಾಲದಲ್ಲಿ ಪರದೇಶದ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲೂ ಪಾಠವಾಯಿತು. ಬ್ಯಾಟರಿ ಮೇಲೆ ನಡೆಯುತ್ತದೆ, ಕೈಯಲ್ಲಿ ಎತ್ತಿಕೊಂಡು ಹಳ್ಳಿಗೆ ಹೋಗಬಹುದು, ಬೆಲೆಯೂ ಕಡಿಮೆ. ಬಡ ದೇಶಕ್ಕೆಂದು ಮಾಡಿದ್ದನ್ನು ಸಿರಿವಂತ ದೇಶದವರೂ ಕೊಂಡರು. 2024ರ ಮಾರ್ಚ್‌ನಲ್ಲಿ ಇದೇ ಕಂಪನಿ ಐದು ವರ್ಷದಲ್ಲಿ 8,000 ಕೋಟಿ ರೂಪಾಯಿ ಹೂಡುವುದಾಗಿ ಸಾರಿತು.

ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಹತ್ತಿರದ್ದು ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶದ ಸ್ಕ್ಯಾನ್‌ರೇ. ವಿಶ್ವಪ್ರಸಾದ್ ಆಳ್ವ ಮತ್ತು ಅವರ ಜೊತೆಗಾರರು 2007ರಲ್ಲಿ ಕಟ್ಟಿದ ಈ ಕಂಪನಿ ಎಕ್ಸರೇ ಮೆಷಿನ್‌ಗಳಿಂದ ಹೆಸರು ಮಾಡಿ, 2012ರಲ್ಲಿ ಎಲ್ ಅಂಡ್ ಟಿಯ ವೈದ್ಯಕೀಯ ಉಪಕರಣ ವಿಭಾಗವನ್ನೇ ಕೊಂಡುಕೊಂಡಿತು. ಚಿಕ್ಕ ಮೀನು ದೊಡ್ಡ ಮೀನಿನ ಬಾಲ ಕಚ್ಚಿದ ಹಾಗೆ ಎಂದು ಆಗ ಮೈಸೂರಿನ ಕೈಗಾರಿಕಾ ವಲಯದಲ್ಲಿ ಯಾರಾದರೂ ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ.

ದೇಶಕ್ಕೆ ಬೇಕಾದ ವೈದ್ಯಕೀಯ ಉಪಕರಣದಲ್ಲಿ ಬಹುಪಾಲು ಇವತ್ತಿಗೂ ಹೊರಗಿನಿಂದಲೇ ಬರುತ್ತಿದೆ. ಅದನ್ನು ತಗ್ಗಿಸಬೇಕೆಂದು ಕೇಂದ್ರ ಸರ್ಕಾರ 2020ರಲ್ಲಿ 3,420 ಕೋಟಿ ರೂಪಾಯಿಯ ಉತ್ತೇಜನ ಯೋಜನೆ ತಂದಿತು. ಉತ್ತೇಜನ ಕಂಪನಿಗೆ. ಹುಡುಗರಿಗೆ? ಆ ಮಾತು ಆಮೇಲೆ.

ಒಳಗೆ ಹೋದರೆ

ಗೇಟಿನ ಒಳಗೆ ಕಾಲಿಟ್ಟ ಮೊದಲ ದಿನ ಹಳ್ಳಿ ಹುಡುಗನಿಗೆ ಆಗುವ ಆಶ್ಚರ್ಯ ಒಂದೇ. ಇಷ್ಟು ಚೊಕ್ಕಟವಾ! ಪಾಂಡವಪುರದ ಸಕ್ಕರೆ ಕಾರ್ಖಾನೆಯ ಹೊಗೆ, ಕಬ್ಬಿನ ಸಿಪ್ಪೆ, ಮೊಲಾಸಸ್ ವಾಸನೆಯನ್ನೇ ಕಾರ್ಖಾನೆ ಎಂದು ತಿಳಿದವನಿಗೆ ಇದು ಕಾರ್ಖಾನೆಯೋ ಆಸ್ಪತ್ರೆಯೋ ತಿಳಿಯುವುದಿಲ್ಲ. ಚಪ್ಪಲಿ ಹೊರಗೆ. ಮೈಮೇಲೆ ಕೋಟು, ತಲೆಗೆ ಟೋಪಿ. ಮಣಿಕಟ್ಟಿಗೊಂದು ಪಟ್ಟಿ, ಅದರಿಂದ ಹೊರಟ ತಂತಿ ಮೇಜಿಗೆ. ಎಮ್ಮೆ ಕಟ್ಟಿದ ಹಾಗೆ ಎಂದು ನಗಬಹುದು, ಆದರೆ ಕಾರಣವಿದೆ. ಮನುಷ್ಯನ ಮೈಯಲ್ಲಿ ಬಟ್ಟೆಯ ಉಜ್ಜಾಟದಿಂದ ವಿದ್ಯುತ್ತು ಸೇರಿಕೊಂಡಿರುತ್ತದೆ. ಬೆರಳು ತಾಗಿದರೆ ಬೋರ್ಡಿನ ಮೇಲಿನ ಚಿಪ್ಪು ಸದ್ದಿಲ್ಲದೆ ಸುಡುತ್ತದೆ, ಅಥವಾ ಅರೆಜೀವವಾಗಿ ಉಳಿದು ಆರು ತಿಂಗಳಾದ ಮೇಲೆ ಐಸಿಯುನಲ್ಲಿ ಕೈಕೊಡುತ್ತದೆ. ಆ ಪಟ್ಟಿ ಅದನ್ನು ನೆಲಕ್ಕೆ ಇಳಿಸುತ್ತದೆ.

ಕೆಲಸವೇನೋ ಸುಲಭ ಎಂದು ಕಾಣುತ್ತದೆ. ಸ್ಕ್ರೂ ಬಿಗಿಯುವುದು, ತಂತಿ ಕೂರಿಸುವುದು, ಬೆಸುಗೆ ಹಾಕುವುದು. ಆದರೆ ಸ್ಕ್ರೂವನ್ನು ಎಷ್ಟು ಬಿಗಿಯಬೇಕು ಎನ್ನುವುದಕ್ಕೂ ಅಳತೆ ಉಂಟು. ಸೈಕಲ್ ಶಾಪಿನಲ್ಲಿ ‘ಟೈಟಾಗೈತೆ ಬಿಡು’ ಎನ್ನುವ ಹಾಗಿಲ್ಲ. ಅಳತೆಯ ಸ್ಕ್ರೂಡ್ರೈವರು ಟಕ್ ಎಂದಾಗ ನಿಲ್ಲಿಸಬೇಕು, ಕಾಗದದಲ್ಲಿ ಗುರುತು ಮಾಡಬೇಕು, ಸಹಿ ಹಾಕಬೇಕು.

ಈ ಸಹಿ ಎನ್ನುವುದೇ ಇಲ್ಲಿಯ ದೊಡ್ಡ ಸಂಗತಿ. ಪ್ರತಿ ಮೆಷಿನ್‌ಗೂ ಒಂದು ನಂಬರು, ಆ ನಂಬರಿಗೊಂದು ಜಾತಕ. ಯಾವ ಬೋರ್ಡು, ಯಾವ ಲಾಟಿನ ಸಾಮಾನು, ಯಾರು ಜೋಡಿಸಿದರು, ಯಾರು ಪರೀಕ್ಷಿಸಿದರು, ಎಲ್ಲ ಅದರಲ್ಲಿರುತ್ತದೆ. ಎರಡು ವರ್ಷವಾದ ಮೇಲೆ ಯಾವುದೋ ರಾಜ್ಯದ ಆಸ್ಪತ್ರೆಯಲ್ಲಿ ಮಾನಿಟರು ತಪ್ಪು ಅಂಕಿ ತೋರಿಸಿದರೆ ಜಾತಕ ಬಿಚ್ಚುತ್ತಾರೆ. ಅಲ್ಲಿ ಕೆ.ಆರ್.ಪೇಟೆ ಕಡೆಯ ಹುಡುಗನೊಬ್ಬನ ಸಹಿ ಕಂಡರೆ, ಆ ಹೊತ್ತಿಗೆ ಅವನು ಕೆಲಸ ಬಿಟ್ಟು ಹೋಗಿದ್ದರೂ ಸಹಿ ಬಿಟ್ಟು ಹೋಗಿರುವುದಿಲ್ಲ.

ಜೋಡಿಸಿ ಮುಗಿದ ಮೆಷಿನ್ ಸೀದಾ ಲಾರಿ ಹತ್ತುವುದಿಲ್ಲ. ಗಂಟೆಗಟ್ಟಲೆ ಹಚ್ಚಿಟ್ಟು ಓಡಿಸುತ್ತಾರೆ. ಕೈಕೊಡುವುದಿದ್ದರೆ ಇಲ್ಲೇ ಕೊಡಲಿ ಎಂದು. ವೆಂಟಿಲೇಟರಾದರೆ ರಬ್ಬರಿನ ಹುಸಿ ಶ್ವಾಸಕೋಶಕ್ಕೆ ಸಿಕ್ಕಿಸಿ ಗಾಳಿ ತುಂಬುತ್ತಾರೆ. ಎಲ್ಲಿ ಸೋರುತ್ತದೆ, ಒತ್ತಡ ಎಷ್ಟಿದೆ, ಕರೆಂಟು ಹೋದರೆ ಬ್ಯಾಟರಿ ಹಿಡಿಯುತ್ತದೆಯೇ, ನಳಿಕೆ ಕಳಚಿದರೆ ಬೆಲ್ಲು ಕೂಗುತ್ತದೆಯೇ, ಎಲ್ಲವನ್ನೂ ನೋಡಬೇಕು. ದಿನವಿಡೀ ಈ ಬೆಲ್ಲುಗಳ ಕೂಗಾಟ ಕೇಳಿ ಕೇಳಿ ರಾತ್ರಿ ನಿದ್ದೆಯಲ್ಲೂ ಕಿವಿಯಲ್ಲಿ ಬೀಪ್ ಬೀಪ್.

ಎಕ್ಸರೇ ಪರೀಕ್ಷೆ ಮಾಡುವವರಿಗೆ ಇನ್ನೊಂದು ಆಭರಣವುಂಟು, ಎದೆಯ ಮೇಲೆ ಬ್ಯಾಡ್ಜು. ಮೈಗೆ ತಾಗಿದ ವಿಕಿರಣ ಎಷ್ಟು ಎಂದು ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅಳತೆಗೆ ಕಳಿಸುತ್ತಾರೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ಕಟ್ಟಳೆಯಂತೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು, ಯಾವ ಒಂದು ವರ್ಷವೂ 30 ದಾಟಬಾರದು. ಬ್ಯಾಡ್ಜನ್ನು ಸೆಖೆಯೆಂದು ಕೋಟಿನ ಜೊತೆ ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ನಿಂತವನಿಗೆ ಮೂರು ತಿಂಗಳ ಮೇಲೆ ಬರುವ ಲೆಕ್ಕ ಗೂಟದ್ದು, ಅವನದ್ದಲ್ಲ. ಇದನ್ನು ಹೊಸಬರಿಗೆ ಹಳಬರು ಹೇಳಿಕೊಡಬೇಕು.

ತಿಂಗಳ ಕೊನೆಯ ಜಗಳ

ಯಾವ ಕಂಪನಿಯಾದರೂ ತಿಂಗಳ ಕೊನೆಯ ವಾರ ಒಂದೇ ರಾಗ. ಮಾಲು ಹೊರಡಬೇಕು. ಇತ್ತ ಡಿಸ್ಪ್ಯಾಚ್‌ನವರ ಅವಸರ, ಅತ್ತ ಕ್ವಾಲಿಟಿಯವರ ತಕರಾರು, ನಡುವೆ ಲೈನಿನ ಹುಡುಗ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಒಂದು ಪೊಟ್ಟಣ ಕಡಿಮೆ ತೂಗಿದರೆ ಅಂಗಡಿಯವನು ಬೈದು ಸುಮ್ಮನಾಗುತ್ತಾನೆ. ಇಲ್ಲಿ ಹಾಗಲ್ಲ.

ಜಗತ್ತಿನ ಅತಿ ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ಜಾನ್ಸನ್ ಅಂಡ್ ಜಾನ್ಸನ್‌ಗೆ ಸೇರಿದ ಡೀಪ್ಯೂ ಕಂಪನಿ ಒಂದು ಬಗೆಯ ಕೃತಕ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಲೋಕದಾದ್ಯಂತ ವಾಪಸ್ ಕರೆಸಿಕೊಂಡಿತು. ಲೋಹ ಲೋಹಕ್ಕೆ ಉಜ್ಜಿ ಚೂರು ರಕ್ತಕ್ಕೆ ಸೇರುತ್ತಿದೆ ಎಂಬುದು ದೂರು. ಭಾರತದಲ್ಲಿ ಅದನ್ನು ಹಾಕಿಸಿಕೊಂಡವರಿಗೆ ಕೇಂದ್ರ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರ ಗೊತ್ತುಮಾಡಿದ್ದು 2018ರಲ್ಲಿ. ಎಂಟು ವರ್ಷ! ನಮ್ಮ ದೇಶದಲ್ಲಿ ಉಪಕರಣಗಳಿಗೆಂದೇ ಪ್ರತ್ಯೇಕ ನಿಯಮ ಜಾರಿಗೆ ಬಂದದ್ದೂ 2018ರ ಜನವರಿ 1ರಂದು. ನಾಲಿಗೆ ಒತ್ತಿ ನೋಡುವ ಕಡ್ಡಿಯಿಂದ ಹೃದಯದ ಸ್ಟೆಂಟ್‌ವರೆಗೆ ಅಪಾಯದ ಪ್ರಕಾರ ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ. ಸಿ, ಡಿ ದರ್ಜೆಯವಕ್ಕೆಲ್ಲ ಲೈಸೆನ್ಸು ಕಡ್ಡಾಯವಾಗುವ ಹೊತ್ತಿಗೆ 2023ರ ಅಕ್ಟೋಬರ್ ಬಂತು.

ಈ ನಿಯಮದಿಂದ ಲೈನಿನ ಹುಡುಗನಿಗೆ ಒಂದು ಬಲ ಬಂದಿದೆ. ಅವನಿಗೇ ಅದು ಪೂರಾ ಗೊತ್ತಿಲ್ಲ. ಪರೀಕ್ಷೆಯಲ್ಲಿ ಪಾಸಾಗದ ಮೆಷಿನ್‌ಗೆ ಸಹಿ ಹಾಕುವುದಿಲ್ಲ ಎಂದು ಅವನು ಕೈಕಟ್ಟಿದರೆ ಮೆಷಿನ್ ಹೊರಡುವ ಹಾಗಿಲ್ಲ. ಆದರೆ ಹನ್ನೊಂದು ತಿಂಗಳ ಕಾಗದದ ಮೇಲೆ ನಿಂತವನು, ಮುಂದಿನ ತಿಂಗಳು ಆ ಕಾಗದ ನವೀಕರಣವಾಗಬೇಕಾದವನು ಎಷ್ಟು ಸಲ ಕೈಕಟ್ಟಿಯಾನು? ಗುಣಮಟ್ಟಕ್ಕೂ ಕಾಯಂ ನೌಕರಿಗೂ ಇರುವ ನಂಟು ಇಲ್ಲೇ ಇರುವುದು. ಸರ್ಟಿಫಿಕೇಟು ಕೊಡುವ ಆಡಿಟರುಗಳು ಅದನ್ನು ಕೇಳುವುದಿಲ್ಲ.

2020ರ ಆ ಬೇಸಿಗೆ

ಈ ಕೆಲಸದ ಬೆಲೆ ಊರಿಗೆ ತಿಳಿದದ್ದು ಕೊರೊನಾ ವರ್ಷ. ದೇಶವೇ ಬಾಗಿಲು ಹಾಕಿಕೊಂಡಿದ್ದಾಗ ಈ ಕಾರ್ಖಾನೆಗಳ ದೀಪ ಆರಲಿಲ್ಲ. ಕೇಂದ್ರ ಸರ್ಕಾರ 30,000 ವೆಂಟಿಲೇಟರುಗಳ ಹೊಣೆಯನ್ನು ಬೆಂಗಳೂರಿನ ಬಿಇಎಲ್‌ಗೆ ವಹಿಸಿತು. ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇಯದು, ಜೊತೆಗೆ ಡಿಆರ್‌ಡಿಒ ನೆರವು. ಹೊರದೇಶದಿಂದ ಬರುತ್ತಿದ್ದ ಬಿಡಿ ಭಾಗಗಳು ನಿಂತುಹೋದಾಗ ಇಲ್ಲೇ ಮಾಡಿಕೊಂಡರು. ಕ್ಷಿಪಣಿಗೆ, ರಾಡಾರಿಗೆ ಕೆಲಸ ಮಾಡುವ ಕೈಗಳು ಉಸಿರಾಟದ ಯಂತ್ರದ ವಾಲ್ವು ತಿರುಗಿಸಿದವು. ಪಾಸು ತೋರಿಸಿ ಪೊಲೀಸರ ನಾಕಾಬಂದಿ ದಾಟಿ ಕೆಲಸಕ್ಕೆ ಹೋಗುತ್ತಿದ್ದ ಹುಡುಗರನ್ನು ಊರಿನವರು ಅರ್ಧ ಗೌರವದಿಂದ, ಅರ್ಧ ಭಯದಿಂದ ನೋಡಿದ ಕಾಲ ಅದು. ‘ಮೈಸೂರಿಂದ ಬಂದವ್ನೆ, ದೂರ ನಿಲ್ಲಿ!’

ಅದೇ ಜೂನ್ ತಿಂಗಳು, ಅಲ್ಲಿಂದ ಅರ್ಧ ಗಂಟೆ ದೂರದ ಶ್ರೀರಂಗಪಟ್ಟಣದಲ್ಲಿ, ವಿದೇಶಿ ಬ್ರಾಂಡಿಗೆ ಬಟ್ಟೆ ಹೊಲಿಯುತ್ತಿದ್ದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸುಮಾರು 1,300 ಮಂದಿಯನ್ನು ಒಂದೇ ಸಲಕ್ಕೆ ಕೂರಿಸಿದರು. ಬಹುಪಾಲು ಹೆಣ್ಣುಮಕ್ಕಳು. ಆರ್ಡರಿಲ್ಲ ಎಂಬುದು ಕಾರಣ. ತಿಂಗಳು ದಾಟಿ ಆ ಹೆಣ್ಣುಮಕ್ಕಳು ಕಾರ್ಖಾನೆ ಅಂಗಳದಲ್ಲೇ ಧರಣಿ ಕೂತರು. ಒಂದು ಕಡೆ ಓವರ್‌ಟೈಮ್, ಒಂದು ಕಡೆ ಧರಣಿ. ಆರ್ಡರು ಎಂಬ ಮೂರಕ್ಷರ ಎರಡೂ ಕಡೆ ಯಜಮಾನ.

ಆ ಆರ್ಡರು ವೆಂಟಿಲೇಟರನ್ನೂ ಬಿಡಲಿಲ್ಲ. ಅಲೆ ಇಳಿದ ಮೇಲೆ ದೇಶದೆಲ್ಲೆಡೆ ಆಸ್ಪತ್ರೆಗಳಲ್ಲಿ ವೆಂಟಿಲೇಟರು ತುಂಬಿ ಹೊಸದಕ್ಕೆ ಗಿರಾಕಿ ಇಲ್ಲವಾಯಿತು. ಇಡೀ ಉದ್ಯಮದಲ್ಲಿ ಆ ಎರಡು ವರ್ಷಕ್ಕೆಂದು ಹತ್ತಿದ ಹಂಗಾಮಿ ಕೈಗಳಿಗೆ ಆಮೇಲೆ ಬೇರೆ ದಾರಿ ಹುಡುಕುವ ಕಾಲ ಬಂತು. ಟಿವಿಯಲ್ಲಿ ಕೊರೊನಾ ವಾರಿಯರ್ಸ್ ಎಂದು ಚಪ್ಪಾಳೆ ಹೊಡೆದವರು ಚಾನಲ್ ಬದಲಾಯಿಸಿದ್ದರು.

ಬ್ಯಾಗು ಹೊತ್ತವರು

ಕಾರ್ಖಾನೆಯ ಹೊರಗಿನ ಕೆಲಸ ಇನ್ನೊಂದು ಥರ. ರಿಪೇರಿಯ ಹುಡುಗನ ಸಾಮ್ರಾಜ್ಯ ನಾಲ್ಕಾರು ಜಿಲ್ಲೆ. ಬೆಳಿಗ್ಗೆ ಬೆಳ್ಳೂರಿನ ಆದಿಚುಂಚನಗಿರಿ ಮೆಡಿಕಲ್ ಕಾಲೇಜು, ಮಧ್ಯಾಹ್ನ ಮಂಡ್ಯ, ಸಂಜೆಗೆ ಫೋನು. ‘ಹಾಸನಕ್ಕೆ ಬಾ, ಮೆಷಿನ್ ನಿಂತೈತೆ.’ ಸರ್ಕಾರಿ ಆಸ್ಪತ್ರೆಯ ಕಥೆ ಎಲ್ಲರಿಗೂ ಗೊತ್ತು. ಮೆಷಿನ್ ಕೊಳ್ಳಲು ದುಡ್ಡಿರುತ್ತದೆ, ರಿಬ್ಬನ್ ಕತ್ತರಿಸಲು ಮಂತ್ರಿಗಳಿರುತ್ತಾರೆ, ವಾರಂಟಿ ಮುಗಿದ ಮೇಲೆ ಬಿಡಿ ಭಾಗಕ್ಕೆ ದುಡ್ಡಿರುವುದಿಲ್ಲ. ಉಪಕರಣ ನಿರ್ವಹಣೆಗೆಂದು ಕೇಂದ್ರ ಸರ್ಕಾರ 2015ರಲ್ಲಿ ಯೋಜನೆ ತರುವ ಮುಂಚೆ ರಾಜ್ಯಗಳಲ್ಲಿ ಲೆಕ್ಕ ಹಾಕಿಸಿದಾಗ, ಸರ್ಕಾರಿ ಆಸ್ಪತ್ರೆಗಳ ನೂರು ಮೆಷಿನ್‌ಗಳಲ್ಲಿ 13ರಿಂದ 34 ಕೆಟ್ಟು ಕೂತಿದ್ದವು. ಬಟ್ಟೆ ಹೊದಿಸಿದ ಮೆಷಿನ್ ಎದುರು ಬೈಗುಳ ತಿನ್ನುವವನು ಮಾತ್ರ ಬ್ಯಾಗಿನ ಹುಡುಗ. ಕಂಪನಿಯ ಮಾಲೀಕ ಕೈಗೆ ಸಿಗುವುದಿಲ್ಲ ನೋಡಿ.

ಆದರೆ ಅದೇ ಹುಡುಗ ಬೇಗ ಬಂದರೆ ಏನಾಗುತ್ತದೆ ಎಂಬುದಕ್ಕೂ ಈಗ ಉದಾಹರಣೆ ಇದೆ. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ತಂತಿಯಿಲ್ಲದೆ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಪುಕ್ಕಟೆ. ನಡುರಾತ್ರಿ ಎದೆನೋವೆಂದು ಬಂದ ಅಂಗಡಿ ಮಾಲೀಕನಿಗೆ ಮೈಸೂರು ಮುಟ್ಟುವ ತನಕ ಜೀವ ಹಿಡಿಯಲು ಇದು ಸಾಕು. ಅಂದರೆ ಆ ಚಿಕ್ಕ ಡಬ್ಬಿ ಆ ರಾತ್ರಿ ನಡೆಯಲೇಬೇಕು.

ಮಾರಾಟದವನದ್ದು ಬೂಟು, ಟೈ, ಟಾರ್ಗೆಟ್. ಮೂಳೆಯ ಪ್ಲೇಟು, ಸ್ಕ್ರೂ, ಕೀಲು ಮಾರುವವನಾದರೆ ಮುಂಜಾನೆಯೇ ಎಲ್ಲ ಸೈಜಿನ ಪೆಟ್ಟಿಗೆ ಹೊತ್ತು ಆಪರೇಷನ್ ಥಿಯೇಟರಿನ ಬಾಗಿಲಿಗೆ ಹಾಜರು. ಡಾಕ್ಟರು ಒಂದನ್ನು ಆರಿಸುತ್ತಾರೆ, ಉಳಿದದ್ದನ್ನು ಎಣಿಸಿ ವಾಪಸ್ ಒಯ್ಯಬೇಕು. ಲಾಭ ಯಾರಿಗೆ ಎಷ್ಟು ಎಂಬ ಗುಟ್ಟು ಒಡೆದದ್ದು 2017ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಸರ್ಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಯನ್ನು 29,600 ರೂಪಾಯಿಗೆ, ಬರೀ ಲೋಹದ್ದನ್ನು 7,260ಕ್ಕೆ ಕಟ್ಟಿಹಾಕಿತು. ಅದಕ್ಕೆ ಮುಂಚೆ ಲಕ್ಷ ದಾಟಿ ಬಿಲ್ಲು ಕಟ್ಟಿದವರು ನಮ್ಮ ನಡುವೆಯೇ ಇದ್ದಾರೆ. ಡಾಕ್ಟರರಿಗೆ ಉಡುಗೊರೆ, ವಿದೇಶ ಪ್ರವಾಸ ಕೊಡಬಾರದೆಂದು ಉಪಕರಣ ಕಂಪನಿಗಳಿಗೆಂದೇ ನೀತಿಸಂಹಿತೆ ಬಂದದ್ದು 2024ರಲ್ಲಿ. ಸಂಹಿತೆ ಬಂತು, ಟಾರ್ಗೆಟ್ ಹೋಗಲಿಲ್ಲ.

ಬಸ್ಸು, ರೈಲು, ಬೈಕು

ಶ್ರೀರಂಗಪಟ್ಟಣ, ಪಾಂಡವಪುರದವರು ಪುಣ್ಯವಂತರು. ರೈಲೂ ಉಂಟು ಬಸ್ಸೂ ಉಂಟು, ರಾತ್ರಿ ಮನೆ ಮುದ್ದೆ ಉಂಟು. ಕೆ.ಆರ್.ಪೇಟೆ ಪಟ್ಟಣಕ್ಕೆ ರೈಲಿಲ್ಲ. ಅಕ್ಕಿಹೆಬ್ಬಾಳಿಗೋ ಮಂದಗೆರೆಗೋ ಹೋಗಿ ಹತ್ತಬೇಕು, ಇಲ್ಲವೇ ಬಸ್ಸೇ ಗತಿ. ನಾಗಮಂಗಲದ ಹುಡುಗರಿಗೆ ಮೈಸೂರಿಗಿಂತ ಬೆಂಗಳೂರೇ ವಾಸಿ. ಹಾಸನ ಲೈನು 2017ರಲ್ಲಿ ಪೂರ್ತಿಯಾದ ಮೇಲೆ ಬಿ.ಜಿ.ನಗರ ಸ್ಟೇಷನ್ನು ಬಂತಲ್ಲ. ಅವರು ಪಿಜಿ ಕೋಣೆಯಲ್ಲಿ ನಾಲ್ವರು ಸೇರಿ ಮಲಗಿ ಶನಿವಾರ ಊರಿಗೆ ಬರುತ್ತಾರೆ. ಕಂಚು ಹಿತ್ತಾಳೆ ಎರಕಕ್ಕೆ ಹೆಸರಾಗಿದ್ದ ಊರಿನ ಹುಡುಗರು ಮೆಷಿನ್ ಮಾಡಲು ಊರು ಬಿಡಬೇಕಾಗಿದೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಉಚಿತವಾದದ್ದು ಲೈನಿನ ಕೆಲಸಕ್ಕೆ ಹೋಗುವವರಿಗೆ ದೊಡ್ಡ ನೆರವು. ಗಂಡುಮಕ್ಕಳ ಬೈಕಿಗೆ ಮಾತ್ರ ಅದೇ ವರ್ಷ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್ ರಸ್ತೆ ಬಂದ್. ಪಕ್ಕದ ಸರ್ವೀಸ್ ರಸ್ತೆಯ ಉಬ್ಬುತಗ್ಗೇ ಪಾಲು.

21,000ದ ಗೆರೆ

ಈಗ ಸಂಬಳದ ಮಾತು. ಹುಡುಗನ ಜೇಬಿನಲ್ಲಿ ಇಎಸ್‌ಐ ಕಾರ್ಡಿದ್ದರೆ ಸಂಬಳ 21,000 ದಾಟಿಲ್ಲ ಎಂದೇ ಲೆಕ್ಕ. 2017ರಲ್ಲಿ ಹಾಕಿದ ಗೆರೆ ಅದು. ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹುಡುಗನದು, ಮೂರೂಕಾಲು ರೂಪಾಯಿ ಕಂಪನಿಯದು. ಅಷ್ಟಕ್ಕೆ ಹೆಂಡತಿ ಮಕ್ಕಳು, ಅವನನ್ನೇ ನಂಬಿದ ಅಪ್ಪ ಅಮ್ಮನಿಗೂ ಚಿಕಿತ್ಸೆ. ಗೆರೆ ದಾಟಿದರೆ ಕಾರ್ಡು ಹೋಯಿತು. ಐನೂರು ರೂಪಾಯಿ ಬಡ್ತಿ ಸಿಕ್ಕಿದ್ದಕ್ಕೆ ಖುಷಿಪಡಬೇಕೋ ಅಮ್ಮನ ಡಯಾಲಿಸಿಸ್ಸಿಗೆ ಅಳಬೇಕೋ ಎಂಬ ಸಂಕಟ ಬಂದಾಗ, ತಾನೇ ಜೋಡಿಸುವ ಮೆಷಿನ್‌ನ ಬಾಡಿಗೆ ತನ್ನ ಕೈಗೆಟುಕುವುದಿಲ್ಲ ಎಂದು ತಿಳಿಯುತ್ತದೆ.

ಇನ್ನು ಅಪ್ರೆಂಟಿಸ್‌ಗಳು. ಅವರ ಕಥೆ ಕಾನೂನಿನಲ್ಲೇ ಬರೆದಿದೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಅವರು ಕಲಿಯುವವರು, ಕಾರ್ಮಿಕರಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. 2019ರಲ್ಲಿ ತಿದ್ದಿದ ನಿಯಮ ಕನಿಷ್ಠ ಭತ್ಯೆಯನ್ನು ಓದಿಗೆ ತಕ್ಕಂತೆ 5,000ದಿಂದ 9,000 ಎಂದು ಗೊತ್ತುಮಾಡಿತು. ವರ್ಷ ಮುಗಿದರೆ ಸರ್ಟಿಫಿಕೇಟು. ಕಾಯಂ ಮಾಡಲೇಬೇಕೆಂಬ ಕಟ್ಟಳೆ ಇಲ್ಲ. ಅವನು ಎದ್ದ ಕುರ್ಚಿಗೆ ಮುಂದಿನ ವರ್ಷದ ಅಪ್ರೆಂಟಿಸ್ ಬಂದು ಕೂರುತ್ತಾನೆ. ಕಲಿತದ್ದು ಸುಳ್ಳಲ್ಲ, ಬೇರೆ ಕಂಪನಿಯಲ್ಲಿ ಅದಕ್ಕೆ ಬೆಲೆಯೂ ಇದೆ. ಆದರೆ ಊರಿನ ಅಂಗಡಿಯಲ್ಲಿ ‘ಕಂಪ್ನಿ ಹುಡ್ಗ’ ಎಂದು ಮೊಬೈಲ್ ಕಂತಿನ ಮೇಲೆ ಕೊಟ್ಟವನಿಗೆ, ಚೀಟಿಗೆ ಸೇರಿಸಿಕೊಂಡವನಿಗೆ ಈ ಕಾಯಂ, ಕಂಟ್ರಾಕ್ಟು, ಅಪ್ರೆಂಟಿಸ್ ಎಂಬ ಮೂರು ಮೆಟ್ಟಿಲು ಗೊತ್ತಿರುವುದು ಒಳ್ಳೆಯದು.

ಇತ್ತೀಚಿನ ಬೆಳವಣಿಗೆ ಒಂದುಂಟು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕಾರ್ಮಿಕ ಸಂಘಗಳಿಗೆ ಅವುಗಳ ಮೇಲೆ ನೂರೆಂಟು ತಕರಾರುಗಳಿವೆ, ಬೀದಿಗಿಳಿದದ್ದೂ ಆಗಿದೆ. ಆದರೂ ಎರಡು ಸಾಲು ಹುಡುಗರ ಕೆಲಸಕ್ಕೆ ಬರುತ್ತವೆ. ಪ್ರತಿಯೊಬ್ಬ ಕೆಲಸಗಾರನಿಗೂ ಲಿಖಿತ ನೇಮಕಾತಿ ಪತ್ರ ಕೊಡಲೇಬೇಕು. ಅವಧಿ ಗೊತ್ತುಮಾಡಿ ತೆಗೆದುಕೊಂಡ ನೌಕರನಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚುಯಿಟಿ ಲೆಕ್ಕ. ಹನ್ನೊಂದು ತಿಂಗಳಿಗೆ ಕಾಗದ ಹರಿಯುವವರಿಗೆ ಇದು ಗೊತ್ತಿಲ್ಲದ್ದೇನಲ್ಲ ಎಂಬುದೂ ನಿಜವೇ. ನೇಮಕಾತಿ ಪತ್ರ ಕೈಗೆ ಬಂದಾಗ ಅದರಲ್ಲಿ ನೋಡಬೇಕಾದ್ದು ಕಂಪನಿಯ ಲಾಂಛನವಲ್ಲ. ಸಂಬಳ ಕೊಡುವವರು ಯಾರು, ಕಂಪನಿಯೋ ಏಜೆನ್ಸಿಯೋ? ಅವಧಿ ಎಷ್ಟು? ಪಿಎಫ್ ನಂಬರು ಎಲ್ಲಿ? ಹೆಣ್ಣಿನ ಕಡೆಯವರು ಕೂಡ ಮಾತ್ರೆ ಅಂಗಡೀನಾ ಎಂದು ಕೇಳುವ ಬದಲು ಆ ಕಾಗದ ತೋರಿಸಿ ಎನ್ನಬಹುದು.